ಮಧ್ಯಾಹ್ನದ ಡಬ್ಬಿಗೆ ಬ್ರೆಡ್ಡು, ಚಿತ್ರಾನ್ನ ಬಿಟ್ಟು ಇನ್ನೇನು? ಪದೇ ಪದೇ ಕೇಳೋ ಪ್ರಶ್ನೆಗಳು

ಆಫೀಸಿಗೋ ಕಾಲೇಜಿಗೋ ಡಬ್ಬಿ ತಗೊಂಡು ಹೋಗೋರಿಗೆ ಅಂತ ಬರ್ದಿರೋದು. ಲೆಕ್ಕ ಎಲ್ಲಾ ಬೆಂಗಳೂರಿಂದು, ಹುಬ್ಳಿ, ಮೈಸೂರು, ಮಂಗಳೂರಲ್ಲಿ ಇರೋರು ಐದ್ಹತ್ತು ರೂಪಾಯಿ ಹೆಚ್ಚುಕಮ್ಮಿ ಮಾಡ್ಕೊಳ್ಳಿ. ಅಳತೆ ಹೇಳಿರೋದು ಒಬ್ಬರಿಗೆ. ಇದ್ರಲ್ಲಿ ಹೊಸ ಅಡುಗೆ ಅಂತ ಹುಡುಕೋಕೆ ಹೋದ್ರೆ ನಿರಾಸೆ ಆಗತ್ತೆ, ನಮ್ಮ ಮನೇಲಿ ಮೊದ್ಲಿಂದ ಮಾಡ್ತಿರೋದನ್ನೇ ಡಬ್ಬಿಗೆ ಹೇಗೆ ಹೊಂದಿಸೋದು ಅನ್ನೋದಷ್ಟೇ ಇಲ್ಲಿರೋದು.

ಸ್ಯಾಂಡ್‌ವಿಚ್‌ನಲ್ಲಿ ಏನ್ ತೊಂದ್ರೆ? ತರಕಾರಿ ಹಾಕ್ತೀನಲ್ಲ?

ಒಂದಿನ ಎರಡು ದಿನ ತಿಂದ್ರೆ ಏನೂ ಆಗಲ್ಲ. ದಿನಾ ಅದೇ ಆದ್ರೆ ಹೊಟ್ಟೆ ನಿಲ್ಲಲ್ಲ, ನಾಲ್ಕು ಗಂಟೆಗೆ ಸಮೋಸನೋ ಪಫ್ಸೋ ಹುಡುಕ್ಕೊಂಡು ಹೋಗೋದು ಗ್ಯಾರಂಟಿ, ಅಲ್ಲಿಗೆ ಉಳಿಸಿದ ದುಡ್ಡೂ ಹೋಯ್ತು. ನಾಲ್ಕು ಪೀಸ್ ಸೌತೆಕಾಯಿ, ಎರಡು ಪೀಸ್ ಟೊಮೇಟೊ ಇಟ್ರೆ ಅದನ್ನ ತರಕಾರಿ ತಿಂದೆ ಅಂತ ಲೆಕ್ಕ ಹಿಡಿಯೋಕಾಗಲ್ಲ. ಬ್ರೌನ್ ಬ್ರೆಡ್ ತಗೋತೀವಿ ಅನ್ನೋರು ಪ್ಯಾಕೆಟ್ ಹಿಂದುಗಡೆ ಒಂದ್ಸಲ ಓದಿ, ಜಾಸ್ತಿ ಇರೋ ಸಾಮಾನನ್ನ ಮೊದ್ಲು ಬರೀಬೇಕು ಅಂತ ರೂಲ್ ಇದೆ, ಮೊದಲನೇ ಹೆಸರೇ ಮೈದಾ ಅಂತಿದ್ದು ಕೊನೇಲೆಲ್ಲೋ ಕ್ಯಾರಮೆಲ್ ಕಲರ್ ಅಂತಿದ್ರೆ ಅದು ಬಣ್ಣ ಹಾಕಿರೋ ಬಿಳಿ ಬ್ರೆಡ್ಡು ಅಷ್ಟೇ.

ಹಾಗಂತ ಚಿತ್ರಾನ್ನ, ಪುಳಿಯೋಗರೆ ತುಂಬ್ಕೊಂಡು ಹೋದ್ರೆ ಆರೋಗ್ಯ ಅಂತಾನೂ ಅಲ್ಲ. ಅಲ್ಲಿ ಬ್ರೆಡ್ ಜಾಗಕ್ಕೆ ಅನ್ನ ಬಂತು, ಮಿಕ್ಕಿದ್ದೆಲ್ಲ ಅದೇ ಕತೆ.

ಮತ್ತೆ ಡಬ್ಬೀಲಿ ಏನಿರ್ಬೇಕು ಅಂತೀರಾ?

ಕಾಳು. ನನ್ನ ಇಡೀ ಉತ್ತರ ಇದೊಂದೇ, ಕೆಳಗಿರೋದೆಲ್ಲ ಅದನ್ನ ಹೇಗೆ ಒಳಗೆ ತುರುಕೋದು ಅನ್ನೋದರ ವಿವರ. ಹೆಸರು, ಅಲಸಂದೆ, ಕಡ್ಲೆ, ಮಡಕೆ, ಹುರುಳಿ, ಅವರೆ, ಯಾವ್ದಾದ್ರೂ ಸರಿ, ಒಂದು ಹಿಡಿ ಒಣ ಕಾಳು ಅಂದ್ರೆ ಸುಮಾರು 50 ಗ್ರಾಂ ದಿನಾ ಡಬ್ಬಿಗೆ ಬೀಳ್ಬೇಕು. ಬೇಯಿಸಿದ್ಮೇಲೆ ಅದು ಒಂದು ದೊಡ್ಡ ಬಟ್ಟಲಾಗತ್ತೆ. ಅದರ ಜೊತೆ ಒಂದು ಪಲ್ಯನೋ ಸೊಪ್ಪೋ, ಆಮೇಲೆ ಹೊಟ್ಟೆ ತುಂಬೋಕೆ ರೊಟ್ಟಿ, ಚಪಾತಿ ಅಥ್ವಾ ಅನ್ನ. ನಾವು ಮಾಡೋದು ಉಲ್ಟಾ, ಮೊದ್ಲು ಅನ್ನ ತುಂಬಿಸ್ತೀವಿ, ಮೂಲೇಲಿ ಜಾಗ ಉಳಿದ್ರೆ ಪಲ್ಯ.

ಖರ್ಚು ಎಷ್ಟು ಬರತ್ತೆ ಸರಿಯಾಗಿ ಹೇಳಿ

ಕಿರಾಣಿ ಅಂಗಡಿ ರೇಟಲ್ಲಿ ಹೆಸರುಕಾಳು ಕೆಜಿಗೆ ಹೆಚ್ಚುಕಮ್ಮಿ 120-130 ಅಂತ ಇಟ್ಕೊಳ್ಳಿ, 50 ಗ್ರಾಂಗೆ ಆರೂವರೆ ರೂಪಾಯಿ. ಕಾಯಿತುರಿ, ಒಗ್ಗರಣೆ, ಅರ್ಧ ನಿಂಬೆಹಣ್ಣು ಸೇರಿ ಇನ್ನೊಂದು ಏಳೆಂಟು. ಎರಡು ಚಪಾತಿ ಹಿಟ್ಟು ನಾಲ್ಕು ರೂಪಾಯಿ ಒಳಗೆ. ಮೊಟ್ಟೆ ತಿನ್ನೋರಾದ್ರೆ ಏಳು ಸೇರಿಸಿ. ಗ್ಯಾಸೂ ಸೇರಿ ಮೂವತ್ತು ದಾಟಲ್ಲ. ಹೋಟ್ಲಲ್ಲಿ ಒಂದು ರೈಸ್‌ಬಾತ್ ಐವತ್ತು ಅರವತ್ತು, ಆನ್‌ಲೈನಲ್ಲಿ ತರಿಸಿದ್ರೆ ಡೆಲಿವರಿ, ಪ್ಯಾಕಿಂಗು ಅದೂ ಇದೂ ಅಂತ ನೂರೈವತ್ತಕ್ಕೆ ಕಮ್ಮಿ ಇಲ್ಲ. ಚೀಸು, ಮೇಯನೀಸು ಹಾಕಿರೋ ಮನೆ ಸ್ಯಾಂಡ್‌ವಿಚ್ಚೇ ಲೆಕ್ಕ ಹಾಕಿ ನೋಡಿ, ಕಾಳಿಗಿಂತ ಅಗ್ಗ ಏನಿಲ್ಲ.

ಕಾಳು ಒಂದೊಂದೇ ಕಾಲು ಕೆಜಿ ಪ್ಯಾಕೆಟ್ ತಗೋಬೇಡಿ, ಎರಡು ಮೂರು ಥರದ್ದು ಒಂದೊಂದು ಕೆಜಿ ಲೂಸಲ್ಲಿ ತಗೊಂಡ್ರೆ ಉಳಿತಾಯ. ಹುಳ ಬೀಳತ್ತೆ ಅನ್ನೋ ಭಯ ಇದ್ರೆ ಎರಡು ಒಣಮೆಣಸಿನಕಾಯಿ ಡಬ್ಬದೊಳಗೆ ಹಾಕಿಡಿ, ಇಲ್ಲಾ ಫ್ರಿಜ್ಜಲ್ಲಿಡಿ.

ಬೆಳಿಗ್ಗೆ ಟೈಮೇ ಇರಲ್ಲ, ಏಳೂವರೆಗೆ ಬಸ್ಸು. ಇದೆಲ್ಲ ಯಾವಾಗ ಮಾಡೋದು?

ಬೆಳಿಗ್ಗೆ ಶುರು ಮಾಡಿದ್ರೆ ಯಾರಿಗೂ ಆಗಲ್ಲ. ರಾತ್ರಿ ತಟ್ಟೆ ತೊಳ್ಯೋ ಹೊತ್ತಲ್ಲಿ ಒಂದು ಹಿಡಿ ಕಾಳು ತೊಳ್ದು ನೀರಲ್ಲಿ ಹಾಕ್ಬಿಡಿ, ಒಂದು ನಿಮಿಷದ ಕೆಲ್ಸ, ಆದ್ರೆ ಅದನ್ನ ಮರೆತ್ರೆ ಮಾರನೇ ದಿನ ಮತ್ತೆ ಬ್ರೆಡ್ಡೇ. ಫೋನಲ್ಲಿ ಅಲಾರಂ ಇಟ್ಕೊಳ್ಳಿ ಬೇಕಾದ್ರೆ, ರಾತ್ರಿ ಹತ್ತಕ್ಕೆ, "ಕಾಳು" ಅಂತ ಹೆಸರು ಕೊಟ್ಟು.

ಎರಡನೇ ದಾರಿ ನಮ್ಮ ಮಂಡ್ಯ, ಮೈಸೂರು, ಹಾಸನದ ಕಡೆಯೋರಿಗೆ ಹೇಳ್ಕೊಡೋದೇ ಬೇಡ, ಬಸ್ಸಾರು. ಹೆಸರುಕಾಳೋ ಅಲಸಂದೆನೋ ಬೇಯಕ್ಕೆ ಇಟ್ಟು, ಮುಕ್ಕಾಲು ಬೆಂದ್ಮೇಲೆ ದಂಟು, ಸಬ್ಬಸಿಗೆ, ಕೀರೆ ಯಾವ್ದಾದ್ರೂ ಸೊಪ್ಪು ಹೆಚ್ಚಿ ಹಾಕಿ ಬೇಯಿಸಿ ಬಸೀತೀವಲ್ಲ, ಆ ಬಸಿದ ಕಟ್ಟಿನ ನೀರಿಗೆ ಖಾರ ರುಬ್ಬಿ ಹಾಕಿದ್ರೆ ರಾತ್ರಿಗೆ ಸಾರು, ಮುದ್ದೆ ಜೊತೆಗೋ ಅನ್ನದ ಜೊತೆಗೋ ಅದು ಮುಗೀತು. ಉಳಿದ ಕಾಳು-ಸೊಪ್ಪನ್ನ ಒಗ್ಗರಣೆ ಹಾಕದೆ ಹಾಗೇ ಆರಿಸಿ ಮುಚ್ಚಿ ಫ್ರಿಜ್ಜಲ್ಲಿಟ್ಟು, ಬೆಳಿಗ್ಗೆ ಬಾಣಲೇಲಿ ಸಾಸಿವೆ, ಒಣಮೆಣಸಿನಕಾಯಿ, ಈರುಳ್ಳಿ, ಬೆಳ್ಳುಳ್ಳಿ ಹಾಕಿ ಐದು ನಿಮಿಷ ಚೆನ್ನಾಗಿ ಹಬೆ ಏಳೋವರೆಗೂ ಬಾಡಿಸಿ ಮೇಲೆ ಕಾಯಿತುರಿ ಉದುರಿಸಿದ್ರೆ ಪಲ್ಯ ರೆಡಿ, ಚಪಾತಿ ಜೊತೆ ಡಬ್ಬಿಗೆ. ಒಂದ್ಸಲ ಸ್ಟೌ ಹಚ್ಚಿದ್ದಕ್ಕೆ ಎರಡು ಊಟ, ಎರಡಕ್ಕೂ ರುಚಿ ಬೇರೆ ಬೇರೆ, ನಿನ್ನೇದನ್ನೇ ತಿಂತಿದೀನಿ ಅನ್ನೋ ಬೇಜಾರೂ ಇಲ್ಲ. ಮೀಲ್ ಪ್ರೆಪ್ ಅಂತ ಈಗ ವಿಡಿಯೋ ಮಾಡಿ ಹಾಕ್ತಾರಲ್ಲ, ನಮ್ಮಜ್ಜಿಯರು ಅದನ್ನ ದಿನಾ ಮಾಡ್ತಿದ್ರು, ಲೈಕ್ ಒತ್ತೋರಿರ್ಲಿಲ್ಲ.

ಉಸ್ಲಿ ಅಂದ್ರೆ ಹಬ್ಬದ ಪ್ರಸಾದ ಅಲ್ವಾ, ಅದು ಊಟ ಆಗತ್ತಾ?

ಸರಿಯಾಗಿ ಬೇಯಿಸಿದ್ರೆ ಆಗತ್ತೆ. ಬಹಳಷ್ಟು ಜನ ಇದನ್ನ ಬಿಟ್ಟಿರೋದೇ ಕುಕ್ಕರಲ್ಲಿ ಮೂರ್ನಾಲ್ಕು ವಿಷಲ್ ಕೂಗಿಸಿ ಗೊಜ್ಜು ಮಾಡ್ಕೊಂಡು. ರಾತ್ರಿ ಎಲ್ಲಾ ನೆನೆದ ಹೆಸರುಕಾಳಿಗೆ ಕಾಳು ಮುಳುಗುವಷ್ಟೇ ನೀರು, ಉಪ್ಪು, ಚಿಟಿಕೆ ಅರಿಶಿನ, ಒಂದೇ ವಿಷಲ್. ಎರಡು ಬೆರಳ ಮಧ್ಯೆ ಒತ್ತಿದ್ರೆ ನುಣ್ಣಗೆ ಹಿಸುಕಬೇಕು, ಆದ್ರೆ ಕುಕ್ಕರೊಳಗೆ ಸಿಪ್ಪೆ ಬಿಚ್ಚಿರಬಾರ್ದು. ಅಲಸಂದೆಗೆ ಎರಡು ವಿಷಲ್, ಕಡ್ಲೆಕಾಳಿಗೆ ನಾಲ್ಕೈದು, ಹುರುಳಿಗೂ ಅಷ್ಟೇ, ಅದು ಸ್ವಲ್ಪ ಹಟಮಾರಿ. ನೀರು ಬಸಿದು ಚೆಲ್ಲಬೇಡಿ, ಸಂಜೆ ಸಾರಿಗೋ ಚಪಾತಿ ಹಿಟ್ಟು ಕಲಸೋಕೋ ಇರ್ಲಿ.

ಒಗ್ಗರಣೆಗೆ ಸಾಸಿವೆ, ಇಂಗು, ಕರಿಬೇವು, ಹಸಿಮೆಣಸಿನಕಾಯಿ, ಸ್ವಲ್ಪ ಶುಂಠಿ. ಕಾಯಿತುರಿ. ನಿಂಬೆಹಣ್ಣು ಸ್ಟೌ ಆರಿಸಿದ ಮೇಲೇ ಹಿಂಡಿ, ಬಿಸಿಗೆ ಸಿ ವಿಟಮಿನ್ನು ಹಾಳಾಗತ್ತೆ, ಅದು ಇದ್ರೇನೇ ಕಾಳಲ್ಲಿರೋ ಕಬ್ಬಿಣದಂಶ ಮೈಗೆ ಚೆನ್ನಾಗಿ ಹತ್ತೋದು. ಇದೇ ಕಾರಣಕ್ಕೆ ಊಟ ಆದ ತಕ್ಷಣ ಕಾಫಿ, ಟೀ ಕುಡಿಯೋದು ಬೇಡ, ಒಂದು ಗಂಟೆ ಬಿಟ್ಟು ಕುಡೀರಿ. ಒಂದು ಕ್ಯಾರೆಟ್ ತುರಿದು, ಮಾವಿನಕಾಯಿ ಸೀಸನ್ನಲ್ಲಿ ನಾಲ್ಕು ಹೋಳು ಸಣ್ಣಗೆ ಹೆಚ್ಚಿ ಹಾಕಿದ್ರೆ ರುಚಿಯೇ ಬೇರೆ. ಬರೀ ಉಸ್ಲಿ ಸಾಕಾಗಲ್ಲ ಅನ್ಸಿದ್ರೆ ಎರಡು ಬಾಳೆಹಣ್ಣು, ಒಂದು ಗ್ಲಾಸ್ ಮಜ್ಜಿಗೆ.

ಗ್ಯಾಸ್ ಆಗತ್ತೆ ಕಾಳು ತಿಂದ್ರೆ, ಆಫೀಸಲ್ಲಿ ಕಷ್ಟ

ನೆನೆಸಿದ ನೀರು ಚೆಲ್ಲಿ ಹೊಸ ನೀರಲ್ಲಿ ಬೇಯಿಸಿ, ಇಂಗು-ಶುಂಠಿ ಮರೀಬೇಡಿ. ಒಂದೇ ಸಲ ಬಟ್ಟಲು ತುಂಬ ಶುರು ಮಾಡೋದು ಬೇಡ, ಹೆಸರುಕಾಳಿಂದ ಶುರು ಮಾಡಿ, ಹೆಚ್ಚಿನೋರಿಗೆ ಕಾಳುಗಳಲ್ಲಿ ಸುಲಭಕ್ಕೆ ಅರಗೋದು ಅದು. ಎರಡು ಮೂರು ವಾರ ಆದ್ರೆ ಹೊಟ್ಟೆ ಅಡ್ಜಸ್ಟ್ ಆಗತ್ತೆ.

ರೈಸ್‌ಬಾತ್ ಇಲ್ದೆ ನಮ್ಮನೇಲಿ ಡಬ್ಬಿನೇ ಇಲ್ಲ. ಬಿಡ್ಲೇಬೇಕಾ?

ಬಿಡ್ಬೇಡಿ, ಅಳತೆ ತಿರುಗಿಸಿ. ಒಂದು ಲೋಟ ಅಕ್ಕಿಗೆ ಎರಡು ಲೋಟ ತರಕಾರಿ-ಕಾಳು. ವಾಂಗಿಬಾತ್ ಮಾಡೋದಾದ್ರೆ ಬದನೆಕಾಯಿ ಜೊತೆ ಒಂದು ಹಿಡಿ ಹಸಿ ಬಟಾಣಿ, ಮೆಂತ್ಯ ಸೊಪ್ಪಿನ ಬಾತ್‌ಗೆ ಡಿಸೆಂಬರ್-ಜನವರೀಲಿ ಅವರೆಕಾಳು, ಬೇರೆ ತಿಂಗಳಲ್ಲಿ ಅಲಸಂದೆ. ಬಿಸಿಬೇಳೆಬಾತ್ ಅಂತೂ ಮೊದ್ಲಿಂದ್ಲೂ ಸರಿಯಾಗಿರೋ ಅಡುಗೆ, ಅಕ್ಕಿಯಷ್ಟೇ ತೊಗರಿಬೇಳೆ, ಜೊತೆಗೆ ತರಕಾರಿ. ಅದನ್ನ ಡಬ್ಬಿಗೆ ಹಾಕೋವಾಗ ಸ್ವಲ್ಪ ತೆಳ್ಳಗೇ ಇರ್ಲಿ, ಮಧ್ಯಾಹ್ನದ ಹೊತ್ತಿಗೆ ಗಟ್ಟಿ ಆಗೇ ಆಗತ್ತೆ. ಮೇಲೆ ಖಾರಾಬೂಂದಿ ಸುರಿಯೋದೊಂದು ಬಿಟ್ಬಿಡಿ ಅಂದ್ರೆ ನನ್ ಮೇಲೆ ಜಗಳಕ್ಕೆ ಬರ್ತೀರ, ಹಾಗಾಗಿ ಒಂದು ಸ್ಪೂನ್ ಅಂತ ರಾಜಿ ಮಾಡ್ಕೊಳ್ಳೋಣ.

ಮೊಸರನ್ನ ಮಧ್ಯಾಹ್ನಕ್ಕೆ ಹುಳಿ ಬರತ್ತೆ, ಏನ್ ಮಾಡೋದು?

ಬೆಳಿಗ್ಗೆನೇ ಮೊಸರು ಸುರಿದು ಕಲಸಿದ್ರೆ ಹುಳಿ ಬರ್ದೆ ಇನ್ನೇನು. ಅನ್ನ ಸ್ವಲ್ಪ ಮೆತ್ತಗೆ ಮಾಡಿ, ಬಿಸಿ ಇದ್ದಾಗ್ಲೇ ಮಸೆದು, ಉಗುರುಬೆಚ್ಚಗಾದ ಮೇಲೆ ಕಾಯಿಸಿ ಆರಿಸಿದ ಹಾಲು ಹಾಕಿ, ಎಷ್ಟು ಅಂದ್ರೆ ಪಾಯಸದ ಥರ ಸಡಿಲ ಕಾಣ್ಬೇಕು, ಅದಕ್ಕೆ ಒಂದೇ ಒಂದು ಸ್ಪೂನ್ ಮೊಸರು ಕಲಸಿ ಡಬ್ಬಿಗೆ ಹಾಕ್ಬಿಡಿ. ನೀವು ಬಸ್ಸಲ್ಲಿ, ಮೆಟ್ರೋದಲ್ಲಿ, ಸಿಸ್ಟಮ್ ಮುಂದೆ ಕೂತಿರೋವಾಗ ಅದು ಡಬ್ಬೀಲೇ ಹೆಪ್ಪಾಗ್ತಿರತ್ತೆ, ಒಂದು ಗಂಟೆಗೆ ಮುಚ್ಚಳ ತೆಗೆದ್ರೆ ಸಿಹಿ ಮೊಸರನ್ನ. ಉಪ್ಪು ಮಾತ್ರ ತಿನ್ನೋವಾಗ ಹಾಕ್ಕೊಂಡ್ರೆ ಒಳ್ಳೇದು. ಬೇಸಿಗೇಲಿ ಹಾಲು ಸ್ವಲ್ಪ ಜಾಸ್ತಿ, ಮೊಸರು ಅರ್ಧ ಸ್ಪೂನ್.

ಇದಕ್ಕೂ ನಮ್ಮ ರೂಲು ಅನ್ವಯ. ಒಗ್ಗರಣೇಲಿ ಉದ್ದಿನಬೇಳೆ, ಶೇಂಗಾ, ಮೇಲೆ ತುರಿದ ಕ್ಯಾರೆಟ್ಟು, ದಾಳಿಂಬೆ ಕಾಳು, ಪಕ್ಕದ ಸಣ್ಣ ಡಬ್ಬೀಲಿ ಕಡ್ಲೆಕಾಳು ಉಸ್ಲಿ. ಉಪ್ಪಿನಕಾಯಿ ಒಂದು ಹೋಳು ಸಾಕು. ದಿನಕ್ಕೆ 5 ಗ್ರಾಂ ಉಪ್ಪಿನೊಳಗೆ ಇರಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತ್ತೆ, ಅಂದ್ರೆ ಒಂದು ಟೀ ಸ್ಪೂನು, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಎಲ್ಲಾ ಸೇರಿ.

ಉತ್ತರ ಕರ್ನಾಟಕದೋರು ರೊಟ್ಟಿ ಕಟ್ಕೊಂಡು ಹೋಗ್ತಾರಲ್ಲ, ನಮಗೆ ಬಡಿಯೋಕೆ ಬರಲ್ಲ

ಬಡಿಯೋಕೆ ಬರ್ಬೇಕು ಅಂತೇನಿಲ್ಲ. ಖಡಕ್ ರೊಟ್ಟಿ ತಗೊಳ್ಳಿ. ಬೆಂಗಳೂರಲ್ಲಿ ಉತ್ತರ ಕರ್ನಾಟಕದ ಸಾಮಾನು ಮಾರೋ ಅಂಗಡಿ ಸುಮಾರು ಏರಿಯಾಗಳಲ್ಲಿ ಇದೆ, ಜೋಳದ್ದು, ಸಜ್ಜೆದು ಎರಡೂ ಸಿಗತ್ತೆ, ನೀರಿನ ಪಸೆ ತಾಗದ ಹಾಗೆ ಇಟ್ರೆ ತಿಂಗಳು ಕೆಡಲ್ಲ. ಡಬ್ಬಿಗೆ ಇದಕ್ಕಿಂತ ಹೊಂದೋ ತಿಂಡಿ ಇನ್ನೊಂದಿಲ್ಲ ಅನ್ನೋದು ನನ್ನ ಅಭಿಪ್ರಾಯ, ಸೋರಲ್ಲ, ಹಳಸಲ್ಲ, ಬಿಸಿ ಮಾಡ್ಬೇಕಿಲ್ಲ. ಗಟ್ಟಿ ಅನ್ಸಿದ್ರೆ ಮನೇಲೇ ನೀರು ಚಿಮುಕಿಸಿ ಒದ್ದೆ ಬಟ್ಟೇಲಿ ಹತ್ತು ನಿಮಿಷ ಸುತ್ತಿಟ್ರೆ ಮೆತ್ತಗಾಗಿ ಮಡಚೋಕೆ ಬರತ್ತೆ.

ಜೊತೆಗೆ ಝುಣಕ ಮಾಡ್ಕೊಳ್ಳಿ, ಕಡ್ಲೆಹಿಟ್ಟಿಂದು, ಹತ್ತೇ ನಿಮಿಷ. ಎಣ್ಣೇಲಿ ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ ಬಾಡಿಸಿ, ಅರಿಶಿನ ಉಪ್ಪು ಹಾಕಿ, ಒಂದು ಬಟ್ಟಲು ಹಿಟ್ಟಿಗೆ ಎರಡು ಬಟ್ಟಲು ನೀರಿನ ಲೆಕ್ಕದಲ್ಲಿ ಗಂಟಿಲ್ಲದ ಹಾಗೆ ಕಲಸಿದ್ದನ್ನ ಸುರಿದು ಕೈ ಬಿಡದೆ ತಿರುಗಿಸ್ತಾ ಇರಿ, ಗಟ್ಟಿಯಾದ ಮೇಲೆ ಸಣ್ಣ ಉರೀಲಿ ಮುಚ್ಚಿ ಐದು ನಿಮಿಷ ಬಿಟ್ರೆ ಹಸಿ ವಾಸನೆ ಹೋಗತ್ತೆ. ಇಲ್ಲಾ ಮಡಕೆಕಾಳು ಪಲ್ಯ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ (ಆ ಕಡೆ ಚಟ್ನಿಪುಡಿಗೆ ಹಿಂಡಿ ಅಂತಾರೆ) ಇದ್ರೆ ಒಂದು ಚಮಚ ಮೊಸರಿಗೆ ಕಲಸ್ಕೊಳ್ಳಿ. ಹಸಿ ಮೆಂತ್ಯ ಸೊಪ್ಪು, ಮೂಲಂಗಿ, ಸೌತೆಕಾಯಿ ಹಾಗೇ ಕಚ್ಕೊಂಡು ತಿನ್ನೋದನ್ನ ಅವರಿಂದ ದಕ್ಷಿಣದೋರು ಕಲೀಬೇಕು, ಸಲಾಡ್ ಅಂತ ಮುನ್ನೂರು ರೂಪಾಯಿ ಕೊಡೋದು ತಪ್ಪತ್ತೆ. ಸೊಪ್ಪನ್ನ ಮಾತ್ರ ಮೂರ್ನಾಲ್ಕು ನೀರಲ್ಲಿ ತೊಳೀರಿ.

ಅಕ್ಕಿ ರೊಟ್ಟಿ ಕಟ್ಕೊಂಡು ಹೋದ್ರೆ ಮಧ್ಯಾಹ್ನ ರಟ್ಟಿನ ಥರ ಗಟ್ಟಿಯಾಗತ್ತೆ

ಹಿಟ್ಟನ್ನ ಬಿಸಿನೀರಲ್ಲಿ ಕಲಸಿ, ಒಂದು ಹಿಡಿ ಅನ್ನ ನುಣ್ಣಗೆ ಹಿಸುಕಿ ಸೇರಿಸಿ, ತುರಿದ ಸೋರೆಕಾಯಿನೋ ಸೌತೆಕಾಯಿನೋ ಹಾಕಿ. ಸಂಜೆವರೆಗೂ ಮೆತ್ತಗಿರತ್ತೆ. ಬೆಂದ ಅವರೆಕಾಳು, ಸಬ್ಬಸಿಗೆ ಸೊಪ್ಪು ಹಾಕಿದ್ರಂತೂ ಬೇರೆ ಪಲ್ಯನೇ ಬೇಡ.

ರಾಗಿ ಒಳ್ಳೇದು ಅಂತಾರೆ, ಮುದ್ದೆ ಡಬ್ಬಿಗೆ ಹಾಕ್ಬೋದಾ?

ಹಾಕ್ಬೋದು, ತಿನ್ನೋಕಾಗಲ್ಲ. ಮುದ್ದೆ ಬಿಸಿ ಇದ್ದಾಗ್ಲೇ ನುಂಗ್ಬೇಕು, ಒಂದು ಗಂಟೆ ಹೊತ್ತಿಗೆ ಅದು ಕಲ್ಲು. ರಾಗಿ ಬೇಕು ಅಂದ್ರೆ ನುಗ್ಗೆಸೊಪ್ಪು, ಈರುಳ್ಳಿ ಹಾಕಿದ ರಾಗಿ ರೊಟ್ಟಿ, ರಾಗಿ ದೋಸೆ, ಅಥ್ವಾ ಬಾಟ್ಲೀಲಿ ಮಜ್ಜಿಗೆ ಹಾಕಿದ ಅಂಬಲಿ. ನೂರು ಗ್ರಾಂ ರಾಗೀಲಿ ಸುಮಾರು 340-360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ನಾವು ತಿನ್ನೋ ಬೇರೆ ಯಾವ ಧಾನ್ಯನೂ ಅದರ ಹತ್ತಿರಕ್ಕೆ ಬರಲ್ಲ.

ಆದ್ರೆ ಶುಗರ್ ಇರೋರು ಒಂದು ವಿಷಯ ನೆನಪಿಟ್ಕೊಳ್ಳಿ, ರಾಗಿ ಅಂದ ತಕ್ಷಣ ಎಷ್ಟು ತಿಂದ್ರೂ ನಡಿಯತ್ತೆ ಅನ್ನೋದು ಸುಳ್ಳು, ಅದರಲ್ಲೂ ಹೆಚ್ಚಿನ ಭಾಗ ಪಿಷ್ಟಾನೇ. ಅಂಬಲಿ ಥರ ತೆಳ್ಳಗೆ ಮಾಡಿ ಕುಡಿದ್ರೆ ಶುಗರ್ ಇನ್ನೂ ಬೇಗ ಏರತ್ತೆ. ಮೊದ್ಲು ಕಾಳು, ಪಲ್ಯ ತಿಂದು ಆಮೇಲೆ ರೊಟ್ಟಿ. ಮಾತ್ರೆ, ಇನ್ಸುಲಿನ್ ತಗೊಳ್ಳೋರು ಊಟದ ಅಳತೆ ಬದಲಾಯಿಸೋ ಮುಂಚೆ ಡಾಕ್ಟರನ್ನ ಕೇಳಿ.

ಸಿರಿಧಾನ್ಯ ತಿನ್ಲೇಬೇಕಾ? ರೇಟು ನೋಡಿದ್ರೆ ಭಯ ಆಗತ್ತೆ

ತಿನ್ಲೇಬೇಕು ಅಂತ ಇಲ್ಲ. 2023ನ್ನ ವಿಶ್ವಸಂಸ್ಥೆ ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಮಾಡಿದ್ಮೇಲೆ ಮಾಲ್‌ಗಳಲ್ಲಿ ಸಾಮೆ, ನವಣೆ, ಕೊರಲೆ ಎಲ್ಲಾ ಚಂದದ ಪ್ಯಾಕೆಟಲ್ಲಿ ಬಂದು ಕೂತಿವೆ, ಸೋನಾ ಮಸೂರಿಯ ಎರಡರಷ್ಟು ರೇಟು. ನಾರಿನಂಶ ಜಾಸ್ತಿ, ಒಪ್ತೀನಿ. ಆದ್ರೆ ರಾಗಿ, ಜೋಳ, ಸಜ್ಜೆನೂ ಸಿರಿಧಾನ್ಯನೇ, ಅವು ಅಗ್ಗಕ್ಕೆ ಸಿಗತ್ತೆ, ಅದನ್ನ ಬಿಟ್ಟು ದುಬಾರಿದರ ಹಿಂದೆ ಯಾಕೆ ಹೋಗ್ತೀರ. ಆ ದುಡ್ಡಲ್ಲಿ ಒಂದು ಕೆಜಿ ಅಲಸಂದೆ ಬರತ್ತೆ. ಇಷ್ಟಪಟ್ಟು ತಿನ್ನೋರಿಗೆ, ನವಣೆ ಅರ್ಧ ಗಂಟೆನಾದ್ರೂ ನೆನೆಸಿ, ಒಂದಕ್ಕೆ ಎರಡೂವರೆ ನೀರು, ಬಿಸಿಬೇಳೆಬಾತ್‌ಗೆ ಚೆನ್ನಾಗಿ ಹೊಂದತ್ತೆ. ಮೊಸರನ್ನಕ್ಕೆ ಸಾಮೆ.

ಪಿಜಿಲಿ ಇದೀನಿ, ಸ್ಟೌ ಇಲ್ಲ, ಕೆಟಲ್ ಒಂದಿದೆ. ನನಗೇನಾದ್ರೂ ಇದ್ಯಾ?

ಇದೆ. ಹೆಸರುಬೇಳೆ ಕೋಸಂಬರಿಗೆ ಬೆಂಕಿನೇ ಬೇಡ, ಬೆಳಿಗ್ಗೆ ಸ್ನಾನಕ್ಕೆ ಹೋಗೋ ಮುಂಚೆ ಬೇಳೆ ನೆನೆಹಾಕಿದ್ರೆ ಹೊರಡೋ ಹೊತ್ತಿಗೆ ರೆಡಿ, ಸೌತೆಕಾಯಿ ಅಥ್ವಾ ಕ್ಯಾರೆಟ್ಟು, ನಿಂಬೆರಸ, ಕೊತ್ತಂಬರಿ. ಉಪ್ಪು ಪೊಟ್ಟಣ ಕಟ್ಕೊಂಡು ಹೋಗಿ ತಿನ್ನೋವಾಗ ಹಾಕಿ, ಇಲ್ಲಾಂದ್ರೆ ಸೌತೆಕಾಯಿ ನೀರು ಬಿಟ್ಟು ಬ್ಯಾಗೆಲ್ಲ ಒದ್ದೆ.

ಅವಲಕ್ಕಿ ಇನ್ನೊಂದು. ದಪ್ಪ ಅವಲಕ್ಕಿ ತೊಳ್ದು ಹತ್ತು ನಿಮಿಷ ಬಿಟ್ಟು, ಮೊಸರು, ಹುರಿದ ಶೇಂಗಾ, ಹುರಿಗಡಲೆ, ಹೆಚ್ಚಿದ ಈರುಳ್ಳಿ, ಮನೆಯಿಂದ ತಂದ ಚಟ್ನಿಪುಡಿ. ಊರಿಂದ ಬರೋವಾಗ ಅಮ್ಮನ ಹತ್ರ ಹಪ್ಪಳ, ಕೋಡುಬಳೆ ತುಂಬಿಸ್ಕೊಂಡು ಬರೋ ಬದ್ಲು ಅರ್ಧ ಕೆಜಿ ರಾಗಿ ಹುರಿಹಿಟ್ಟು, ಕಾಲು ಕೆಜಿ ಚಟ್ನಿಪುಡಿ ಕೇಳಿ. ಹುರಿಹಿಟ್ಟು ಮಜ್ಜಿಗೇಲಿ ಕಲಸಿದ್ರೆ ಒಂದು ಹೊತ್ತು ನಿಲ್ಲತ್ತೆ, ಬೆಲ್ಲ-ಹಾಲು ಹಾಕಿದ್ರೆ ಇನ್ನೊಂದು ಥರ. ಮೊಳಕೆಕಾಳು ಕಟ್ಟೋದೂ ಸುಲಭ, ಬೆಳಿಗ್ಗೆ ನೆನೆಸಿ ರಾತ್ರಿ ನೀರು ಬಸಿದು ತೆಳು ಬಟ್ಟೇಲಿ ಕಟ್ಟಿಟ್ರೆ ಮಾರನೇ ಬೆಳಿಗ್ಗೆಗೆ ಮೊಳಕೆ, ಮಡಕೆಕಾಳು ಅಂತೂ ಇನ್ನೂ ಬೇಗ. ಹಸಿ ತಿನ್ಬೇಡಿ, ಮೊಳಕೆ ಬರೋ ಬೆಚ್ಚಗಿನ ತೇವದಲ್ಲಿ ಬ್ಯಾಕ್ಟೀರಿಯಾನೂ ಬೆಳೆಯತ್ತೆ, ಕೆಟಲ್‌ ನೀರು ಕುದಿಸಿ ಸುರಿದು ಐದು ನಿಮಿಷ ಮುಚ್ಚಿಟ್ಟು ಬಸೀರಿ, ಪೂರ್ತಿ ಬೇಯಿಸೋ ದಾರಿ ಇದ್ರೆ ಅದು ಇನ್ನೂ ಒಳ್ಳೇದು. ಕೆಟಲ್ ಒಳಗೇ ಮೊಟ್ಟೆ ಬೇಯಿಸೋರಿದಾರೆ, ಓನರ್‌ಗೆ ಗೊತ್ತಾಗದ ಹಾಗೆ ನೋಡ್ಕೊಳ್ಳಿ.

ಪ್ರೊಟೀನ್ ಪೌಡರ್ ಇಲ್ದೆ ಪ್ರೊಟೀನ್ ಸಾಕಾಗತ್ತಾ?

ಆರೋಗ್ಯವಾಗಿರೋ ದೊಡ್ಡೋರಿಗೆ ದಿನಕ್ಕೆ ಕೆಜಿ ತೂಕಕ್ಕೆ 0.83 ಗ್ರಾಂ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಲೆಕ್ಕ ಕೊಟ್ಟಿದಾವೆ, 60 ಕೆಜಿ ಇರೋರಿಗೆ 50 ಗ್ರಾಂ. ಈಗ ಡಬ್ಬಿ ನೋಡಿ. 50 ಗ್ರಾಂ ಹೆಸರುಕಾಳಲ್ಲಿ ಹೆಚ್ಚುಕಮ್ಮಿ 12, ಒಂದು ಹಿಡಿ ಶೇಂಗಾದಲ್ಲಿ 6, ಒಂದು ಬಟ್ಟಲು ಮೊಸರಲ್ಲಿ 5-6, ಚಪಾತಿ ರೊಟ್ಟೀಲಿ ಇನ್ನೊಂದು ಐದಾರು. ಮಧ್ಯಾಹ್ನದ ಒಂದೂಟದಲ್ಲೇ ಅರ್ಧಕ್ಕಿಂತ ಜಾಸ್ತಿ ಆಯ್ತು. ಮೊಟ್ಟೆ ಒಂದಕ್ಕೆ 6. ಸೋಯಾ ಚಂಕ್ಸ್ ಅಂತೂ ಒಣಗಿರೋವಾಗ ಅರ್ಧಕ್ಕರ್ಧ ಪ್ರೊಟೀನೇ, ಬಿಸಿನೀರಲ್ಲಿ ನೆನೆಸಿ ಎರಡ್ಮೂರು ಸಲ ಚೆನ್ನಾಗಿ ಹಿಂಡಿ ಬಾತ್‌ಗೆ ಹಾಕಿದ್ರೆ ವಾಸನೆ ಇರಲ್ಲ. ಅಕ್ಕಿ, ಗೋಧೀಲಿ ಕಮ್ಮಿ ಇರೋ ಲೈಸಿನ್ ಅನ್ನೋ ಅಂಶ ಕಾಳಲ್ಲಿ ಧಾರಾಳವಾಗಿದೆ, ಹಾಗಾಗಿ ಎರಡನ್ನೂ ಸೇರಿಸಿ ತಿನ್ನೋದು ಲಾಭ. ಜಿಮ್ಮಲ್ಲಿ ಜೋರಾಗಿ ಎತ್ತೋರು ಬೇಕಾದ್ರೆ ಬೇರೆ ಲೆಕ್ಕ ಹಾಕ್ಕೊಳ್ಳಿ.

ರಾತ್ರಿ ಉಳಿದ ಅನ್ನ ಬೆಳಿಗ್ಗೆ ಕಲಸಿ ಡಬ್ಬಿಗೆ ಹಾಕ್ಬೋದಾ?

ಹೇಗೆ ಇಟ್ಟಿದ್ರಿ ಅನ್ನೋದರ ಮೇಲಿದೆ. ರಾತ್ರಿ ಎಲ್ಲಾ ಕುಕ್ಕರಲ್ಲೇ ಕಟ್ಟೆ ಮೇಲೆ ಕೂತಿದ್ದ ಅನ್ನ ಬೇಡ. ಅಕ್ಕೀಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಾಣು ಇರತ್ತೆ, ಬೇಯಿಸಿದ್ರೂ ಅದು ಸಾಯಲ್ಲ, ಅನ್ನ ಬೆಚ್ಚಗೆ ಹೊರಗಿದ್ರೆ ಮತ್ತೆ ಬೆಳೆದು ವಿಷ ಬಿಡತ್ತೆ, ಆ ವಿಷ ಮಾರನೇ ದಿನ ಎಷ್ಟು ಬಿಸಿ ಮಾಡಿದ್ರೂ ಹೋಗಲ್ಲ. ವಾಸನೆ ಬಂದಿಲ್ಲ ಅಂದ್ರೆ ಕೆಟ್ಟಿಲ್ಲ ಅಂತ ಅಂದ್ಕೋಬೇಡಿ. ಊಟ ಆದ ತಕ್ಷಣ ಅಗಲ ತಟ್ಟೇಲಿ ಹರಡಿ ಆರಿಸಿ ಒಂದು ಗಂಟೆಯೊಳಗೆ ಫ್ರಿಜ್ಜಿಗೆ ಹಾಕಿದ್ರೆ ಬೆಳಿಗ್ಗೆ ಧೈರ್ಯವಾಗಿ ಚಿತ್ರಾನ್ನ ಮಾಡಿ, ಹಬೆ ಬರೋ ಹಾಗೆ ಬಿಸಿ ಮಾಡ್ಬೇಕು, ಒಂದೇ ಸಲ.

ರಾಯಚೂರು, ಕಲಬುರಗಿ ಕಡೆ ಏಪ್ರಿಲ್-ಮೇ ಬಿಸಿಲಲ್ಲಿ ಹಸಿ ಕಾಯಿತುರಿನೂ ಬಿಡಿ, ಒಣಕೊಬ್ಬರಿ ಹಾಕಿ. ಕಾಯಿಚಟ್ನಿ ಡಬ್ಬಿಗೆ ಯಾವ ಊರಲ್ಲೂ ಬೇಡ, ಚಟ್ನಿಪುಡಿ ಇರೋದೇ ಅದಕ್ಕೆ.

ಸೊಪ್ಪಿನ ಸಾರು, ತಂಬುಳಿ ಇಂಥದ್ದೆಲ್ಲ ತಗೊಂಡು ಹೋಗೋದು ಹೇಗೆ?

ಮಲೆನಾಡಿನೋರು ಕೇಳೋ ಪ್ರಶ್ನೆ ಇದು, ಗೊತ್ತಾಗತ್ತೆ. ದೊಡ್ಡಪತ್ರೆ, ಒಂದೆಲಗದ ತಂಬುಳಿಗೆ ಮಜ್ಜಿಗೆ ಬೆರೆಸದೆ ರುಬ್ಬಿದ್ದನ್ನ ಮಾತ್ರ ಸಣ್ಣ ಡಬ್ಬೀಲಿ ತಗೊಂಡು ಹೋಗಿ, ಆಫೀಸ್ ಹತ್ರ ಮೊಸರು ಪ್ಯಾಕೆಟ್ ತಗೊಂಡು ಅಲ್ಲೇ ಕಲಸಿ. ಕರಾವಳಿಯೋರು ಕುಚ್ಚಲಕ್ಕಿ ಗಂಜೀನ ಬಾಯಗಲ ಥರ್ಮಸ್‌ನಲ್ಲಿ ಬಿಸಿಬಿಸಿ ಹಾಕ್ಕೊಂಡು ಹೋದ್ರೆ ಜೊತೆಗೆ ಹುರುಳಿ ಚಟ್ನಿ ಸಾಕು. ಒಣಮೀನು ಚಟ್ನಿ ನನಗೂ ಇಷ್ಟ, ಎಸಿ ರೂಮಲ್ಲಿ ಮುಚ್ಚಳ ತೆಗೆಯೋದು ಮಾತ್ರ ನಿಮ್ಮ ಧೈರ್ಯಕ್ಕೆ ಬಿಟ್ಟಿದ್ದು.

ಮಕ್ಕಳು ಕಾಳು ಮುಟ್ಟಲ್ಲ, ಡಬ್ಬಿ ಹಾಗೇ ವಾಪಸ್ ಬರತ್ತೆ

ಕಾಣಿಸ್ಬೇಡಿ. ಹೆಸರುಕಾಳು ನೆನೆಸಿ ಶುಂಠಿ, ಹಸಿಮೆಣಸಿನಕಾಯಿ, ಒಂದು ಹಿಡಿ ಅಕ್ಕಿ ಜೊತೆ ರುಬ್ಬಿದ್ರೆ ಹುದುಗೋಕೆ ಕಾಯೋದೇ ಬೇಡ, ಹಾಗೇ ದೋಸೆ ಹೊಯ್ಯಬಹುದು, ಸುತ್ತಿ ಎರಡು ತುಂಡು ಮಾಡಿಡಿ. ಇಡ್ಲಿ ಹಿಟ್ಟು ಉಳಿದಿದ್ರೆ ಕ್ಯಾರೆಟ್, ಸೊಪ್ಪು ಹಾಕಿ ಪಡ್ಡು, ಒಂದೇ ಬಾಯಿಗೆ ಹೋಗೋ ಸೈಜು, ಮಕ್ಕಳಿಗೆ ಅದೇ ಖುಷಿ. ಬೆಂದ ಕಡ್ಲೆಕಾಳು ಮಸೆದು ಚಪಾತಿ ಹಿಟ್ಟಿಗೇ ಕಲಸಿಬಿಡಿ. ಡಬ್ಬಿ ತುಂಬ ತುಂಬಿಸೋದು ಮೊದಲನೇ ತಪ್ಪು, ಅವ್ರಿಗೆ ಸಿಗೋದು ಇಪ್ಪತ್ತು ನಿಮಿಷ, ಅದ್ರಲ್ಲಿ ಹದಿನೈದು ಆಟಕ್ಕೆ.

ಡಬ್ಬಿ ಯಾವ್ದು ತಗೋಬೇಕು?

ಸ್ಟೀಲು. ಬಿಸಿ ಅಡುಗೆ ಪ್ಲಾಸ್ಟಿಕ್ಕಿಗೆ ಹಾಕ್ಬೇಡಿ. ಎರಡು ಅಂತಸ್ತಿಂದು ಇದ್ರೆ ಕಾಳು ಒಂದ್ರಲ್ಲಿ, ರೊಟ್ಟಿ ಒಂದ್ರಲ್ಲಿ. ಮುಚ್ಚಳದ ರಬ್ಬರ್ ರಿಂಗ್ ವಾರಕ್ಕೊಂದ್ಸಲ ತೆಗೆದು ತೊಳೀರಿ, ಡಬ್ಬಿ ನಾತ ಅಲ್ಲಿಂದ ಬರೋದು.

ಡಬ್ಬಿ ಮರೆತು ಹೋದ ದಿನ ಕಮ್ಮಿ ದುಡ್ಡಲ್ಲಿ ಹೊರಗೆ ಏನು ತಿನ್ನೋದು?

ಹತ್ತಿರದಲ್ಲಿ ಇಂದಿರಾ ಕ್ಯಾಂಟೀನ್ ಇದ್ರೆ ಅಲ್ಲಿಗೆ ಹೋಗಿ, 2017ರಲ್ಲಿ ಬೆಂಗಳೂರಲ್ಲಿ ಶುರುವಾಗಿದ್ದೇ ಇದಕ್ಕೆ, ಮಧ್ಯಾಹ್ನದ ಊಟ ಹತ್ತು ರೂಪಾಯಿಗೆ ಅಂತ. ನಾಚಿಕೆ ಪಟ್ಕೊಳ್ಳೋ ವಿಷಯ ಅಲ್ಲ. ದರ್ಶಿನಿ ಆದ್ರೆ ರೈಸ್‌ಬಾತ್, ಗೋಬಿ ಬದ್ಲು ಇಡ್ಲಿ-ಸಾಂಬಾರ್, ಸಾಂಬಾರ್ ಇನ್ನೊಂದು ಸಲ ಹಾಕಿಸ್ಕೊಳ್ಳಿ. ಖಾನಾವಳಿ ಕಂಡ್ರೆ ಬೇರೆಲ್ಲೂ ನೋಡ್ಬೇಡಿ, ಎರಡು ರೊಟ್ಟಿ, ಕಾಳು ಪಲ್ಯ, ಹಸಿ ತರಕಾರಿ, ಮೊಸರು, ಇದಕ್ಕಿಂತ ಸರಿಯಾದ ತಟ್ಟೆ ಆ ರೇಟಿಗೆ ಸಿಗಲ್ಲ. ದಾರೀಲಿ ಹಾಪ್‌ಕಾಮ್ಸ್ ಇದ್ರೆ ಎರಡು ಬಾಳೆಹಣ್ಣು, ಒಂದು ಸೀಬೆ.

ನಾವು ಅಮೆರಿಕದಲ್ಲಿದೀವಿ, ಇಲ್ಲಿ ಎಲ್ರೂ ಸ್ಯಾಂಡ್‌ವಿಚ್ಚೇ. ಇದೆಲ್ಲ ಇಲ್ಲಿ ಆಗತ್ತಾ?

ಇಂಡಿಯನ್ ಸ್ಟೋರ್ ಇದ್ರೆ ಕಾಳಿಗೆ ಬರ ಇಲ್ಲ, ಇಲ್ಲದಿದ್ರೂ ಸೂಪರ್‌ ಮಾರ್ಕೆಟಲ್ಲಿ ಡಬ್ಬದಲ್ಲಿ ಬೆಂದ ಕಾಬೂಲಿ ಕಡ್ಲೆ, ಅಲಸಂದೆ ಸಿಗತ್ತೆ, ಅದಕ್ಕೆ ಉಪ್ಪು ಹಾಕಿರ್ತಾರೆ, ಚೆನ್ನಾಗಿ ತೊಳ್ದು ನೇರ ಒಗ್ಗರಣೆಗೆ. ಕಾಯಿತುರಿ ಫ್ರೋಜನ್ ತಗೊಳ್ಳಿ, ಸಿಹಿ ಹಾಕಿರೋದಲ್ಲ ಅಂತ ನೋಡ್ಕೊಂಡು. ಆಫೀಸ್ ಮೈಕ್ರೋವೇವಲ್ಲಿ ಇಂಗಿನ ವಾಸನೆಗೆ ಮುಜುಗರ ಅನ್ಸಿದ್ರೆ ತಣ್ಣಗೇ ತಿನ್ನೋ ಕೋಸಂಬರಿ, ಮೊಸರನ್ನ, ರೊಟ್ಟಿ-ಝುಣಕದ ಕಡೆ ಹೋಗಿ. ಅಲ್ಲಿ ಫ್ರಿಜ್ಜು, ಹೀಟರ್ ಎಲ್ಲಾ ಇರೋದ್ರಿಂದ ಮೊಸರನ್ನಕ್ಕೆ ಮಾತ್ರ ಹಾಲಿನ ಲೆಕ್ಕ ಬದಲಾಗತ್ತೆ, ಡಬ್ಬೀನ ಫ್ರಿಜ್ಜಲ್ಲಿಡೋದಾದ್ರೆ ಅದು ಹೆಪ್ಪಾಗಲ್ಲ, ಬೆಳಿಗ್ಗೆನೇ ಪೂರ್ತಿ ಮೊಸರಲ್ಲೇ ಕಲಸ್ಕೊಂಡು ಹೋಗಿ.